ನೀವು ಬರದಿದ್ದರೆ

ತಾಜಾ ಎಂಬ ಪಟ್ಟಣದ ಗಾಳಿ ಒಮ್ಮೆ ಒಬ್ಬ ಪೊಲೀಸಿನವನನ್ನು ಟೋಪಿ ಲಾಠಿ ಸಮೇತ ಎತ್ತಿಕೊಂಡು ಹೋಗಿ ಫೆಸ್ ನಗರಕ್ಕೆ ವರ್ಗ ಮಾಡಿತ್ತೆಂದು ಹಳಬರು ಹೇಳುತ್ತಾರೆ. ಅಂಥ ಗಾಳಿಗೂ ಅಲುಗದೆ ಕುಳಿತಿರುವವು ಎರಡೇ: ಊರಿನ ಹಳೇ ಕೋಟೆಗೋಡೆ, ಮತ್ತೆ ಅದರ ಬುಡದಲ್ಲಿರುವ ಹೆಂಗಸರ ಹಮಾಮಿನ ಬಾಗಿಲಲ್ಲಿ ಮಹ್ಜೂಬಾ. ಸ್ನಾನಕ್ಕೆ ಬಂದವರ ಬಟ್ಟೆಗಂಟು, ಫೋನು, ಬಳೆ, ಸರ, ಒಮ್ಮೊಮ್ಮೆ ಹಲ್ಲಿನ ಸೆಟ್ಟು, ಎಲ್ಲವೂ ಅವಳ ಸುಪರ್ದಿಗೆ. ಒಳಗಿನ ಬಿಸಿಕೋಣೆಯ ಕಾವು ಎಂಥದೆಂದರೆ, ಸಂತೆಯಿಂದ ನೇರ ಬಂದವಳೊಬ್ಬಳು ಮರೆತು ಮೊಟ್ಟೆಯ ಬುಟ್ಟಿಯನ್ನು ಒಳಗೆ ಒಯ್ದು, ಮೈ ತೊಳೆದು ಹೊರಗೆ ಬರುವಾಗ ಕೋಳಿಮರಿಗಳನ್ನು ಅಟ್ಟಿಕೊಂಡು ಬಂದಿದ್ದಳು. ಆ ಹಬೆ ದಿನವಿಡೀ ಬಾಗಿಲ ಸಂದಿಯಿಂದ ಸೋರಿ ಮಹ್ಜೂಬಾಳ ಬೆನ್ನಿಗೆ ಬಡಿಯುತ್ತಿತ್ತು. ಎದೆಗೆ ಬೀದಿಯ ಚಳಿಗಾಳಿ. ಹೀಗೆ ಹಿಂದೆ ಬೆಂದು ಮುಂದೆ ಹೆಪ್ಪುಗಟ್ಟಿ ಅರ್ಧ ಆಯುಸ್ಸು ಕಳೆದವಳು ನಲವತ್ತೆರಡನೆಯ ವಯಸ್ಸಿನಲ್ಲಿ ಇಂಗ್ಲಿಷ್ ಪದವಿಯ ಕೊನೆಯ ವರ್ಷದಲ್ಲಿದ್ದಳು.

ಶಾಲೆ ಬಿಡಿಸಿದಾಗ ಅವಳಿಗೆ ಹದಿನಾಲ್ಕು. ಹಣ್ಣು ಕೀಳುವ ಕೂಲಿಗೆಂದು ಸ್ಪೇನಿಗೆ ಹೋದ ಗಂಡ ಅಲ್ಲೇ ಬೇರು ಬಿಟ್ಟ, ಒಂದು ಕಿತ್ತಳೆಯನ್ನೂ ಕಳಿಸಲಿಲ್ಲ. ಆಮೇಲೆ ಅವಳು ಗಂಟುಗಳ ನಡುವೆ ಕೂತು ಓದಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸು ಮಾಡಿ, ಊರಾಚೆಯ ಕಾಲೇಜು ಸೇರಿಕೊಂಡಳು. ಇಂಗ್ಲಿಷೇ ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. "ಈ ಹಮಾಮಲ್ಲಿ ಅರಬ್ಬಿಯಲ್ಲಿ ಯೋಚನೆ ಮಾಡಿದ್ರೂ ಪಕ್ಕದವಳಿಗೆ ಕೇಳಿಸತ್ತೆ. ನನಗೆ ಅಂತ ಬಾಗಿಲು ಹಾಕ್ಕೊಳ್ಳೋ ಒಂದು ಭಾಷೆ ಬೇಕಾಗಿತ್ತು."

ಕೆಳಗಿನ ಪೇಟೆಯಲ್ಲಿ ಮಕ್ಕಳ ಶಾಲೆ ನಡೆಸುವ ಯಜಮಾನಿ ಹಮಾಮಿನ ಹಳೇ ಗಿರಾಕಿ. ಪದವಿಯ ಕಾಗದ ತಂದು ತೋರಿಸಿದರೆ ಬೇಸಿಗೆ ರಜೆ ಮುಗಿದ ಕೂಡಲೇ ಒಂದನೇ ಕ್ಲಾಸಿನ ಇಂಗ್ಲಿಷ್ ನಿನ್ನದೇ ಎಂದು ಮಾತು ಕೊಟ್ಟಿದ್ದಳು. ಕಾಗದವಿಲ್ಲದಿದ್ದರೆ ಇಲ್ಲ. ಬೆನ್ನಿಗೆ ಹಬೆ ಬಡಿಯದ ಒಂದು ಕುರ್ಚಿ ಅಷ್ಟು ಹತ್ತಿರ ಬಂದು ನಿಂತಿತ್ತು. ನಡುವೆ ಉಳಿದದ್ದು ಒಂದೇ ವಿಷಯ: ತರಗತಿಯ ಮುಂದೆ ನಿಂತು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡುವ ಪರೀಕ್ಷೆ.

ಪರೀಕ್ಷೆಯ ದಿನವೇ ಬೆಳಿಗ್ಗೆ ಒಂದು ಮದುವೆಯ ದಿಬ್ಬಣ ಮದುಮಗಳನ್ನು ಸ್ನಾನಕ್ಕೆ ಕರೆತಂದಿತು. ಅಜ್ಜಿಯರು, ಅತ್ತೆಯರು, ನಾದಿನಿಯರು, ಅವರವರ ಶತ್ರುಗಳು, ಎಲ್ಲರೂ ತಮ್ಮ ಚಿನ್ನ ಬಿಚ್ಚಿ ಮಹ್ಜೂಬಾಳ ಮಡಿಲಿಗೆ ಸುರಿದು ಒಳಗೆ ಹೋದರು. ಮಡಿಲ ಭಾರಕ್ಕೆ ಬೆಂಚಿನ ಕಾಲು ನೆಲಕ್ಕೆ ಒಂದು ಗೇಣು ಇಳಿಯಿತು. ಒಂದು ಗಂಟೆಯಲ್ಲಿ ಬರುತ್ತೇವೆಂದವರು ಹಾಡಿಕೊಂಡು, ಗೋರಂಟಿ ಹಚ್ಚಿಕೊಂಡು, ಎರಡು ಸಲ ಜಗಳವಾಡಿ ರಾಜಿಯಾಗಿ ಮಧ್ಯಾಹ್ನ ಹೊರಬಂದರು. ಊರಿನ ಅರ್ಧ ಚಿನ್ನವನ್ನು ಯಾರ ಕೈಗೆ ಕೊಟ್ಟು ಹೋದಾಳು? ಪರೀಕ್ಷೆ ತಪ್ಪಿಹೋಯಿತು.

ಪಾಠ ಮಾಡುವ ಮಿಸ್ ಹ್ಯಾಲೆಟ್ ಇಂಗ್ಲೆಂಡಿನಿಂದ ಆ ವರ್ಷಕ್ಕಷ್ಟೇ ಬಂದಿದ್ದ ಅಧ್ಯಾಪಕಿ. ತೆಳ್ಳಗೆ, ನೆಟ್ಟಗೆ, ಮಾತೂ ಹಾಗೆಯೇ. ತಂದೆಗೆ ಹೃದಯದ ಆಪರೇಷನ್ ಆಗಿದೆಯೆಂದು ತಿಂಗಳ ಹಿಂದೆ ಒಂದು ವಾರ ಊರಿಗೆ ಹೋಗಿ ಬಂದಿದ್ದಳು. ಏನಿದ್ದರೂ ಮೇಲ್ ಮಾಡಿ ಎಂದು ಮೊದಲ ದಿನವೇ ಹೇಳಿದ್ದಳು. ಮಹ್ಜೂಬಾ ಮೇಲ್ ಬರೆದಳು. ಮನೆಯ ದೊಡ್ಡವರ ಹತ್ತಿರ ಏನನ್ನಾದರೂ ಕೇಳುವಾಗ ಹೇಗೆ ಕೇಳಬೇಕೋ ಹಾಗೆಯೇ, ತಾಯಿ ಕಲಿಸಿದ ಮರ್ಯಾದೆ ಒಂದೂ ಬಿಟ್ಟುಹೋಗದಂತೆ, ಅರಬ್ಬಿಯಲ್ಲಿ ಹೊಳೆದದ್ದನ್ನೆಲ್ಲ ಒಂದೊಂದೇ ಪದ ಎತ್ತಿ ಇಂಗ್ಲಿಷಿಗೆ ಇಟ್ಟಳು.

"ಪ್ರೀತಿಯ ನನ್ನ ಟೀಚರ್, ನೀವು ಹೇಗಿದ್ದೀರಿ, ನಿಮ್ಮ ಆರೋಗ್ಯ ಹೇಗಿದೆ? ನಿಮ್ಮ ತಂದೆಯ ವಿಷಯ ನನಗೆ ಗೊತ್ತಿದೆ. ಒಂದು ಮದುವೆಯಿಂದ ನನ್ನ ಪರೀಕ್ಷೆ ತಪ್ಪಿತು. ನನಗೆ ಇನ್ನೊಂದು ಅವಕಾಶ ಬೇಕು, ನೀವು ಕೊಡಲೇಬೇಕು. ದೇವರು ನಿಮ್ಮ ತಂದೆತಾಯಿಯ ಮೇಲೆ ಕರುಣೆ ತೋರಿಸಲಿ. ನಿಮ್ಮನ್ನು ದೇವರೇ ಕಾಪಾಡಲಿ. ನಾನು ಕಾಯುತ್ತಿದ್ದೇನೆ. ಮಹ್ಜೂಬಾ."

ಹೆತ್ತವರ ಮೇಲೆ ದೇವರ ಕರುಣೆ ಇರಲಿ ಎನ್ನುವುದು ಆ ಸೀಮೆಯಲ್ಲಿ ಉಸಿರಾಟದಂಥ ಮಾತು. ಉಪ್ಪಿನ ಡಬ್ಬಿ ಕೇಳುವಾಗ ಅದು ದಯವಿಟ್ಟು, ಡಬ್ಬಿ ಕೈಗೆ ಬಂದಾಗ ಅದೇ ಉಪಕಾರವಾಯಿತು. ಹೆತ್ತವರು ಬದುಕಿದ್ದರೂ ಸರಿ, ಮಣ್ಣಾಗಿದ್ದರೂ ಸರಿ. ಕೆಲಸ ಮಾಡುತ್ತಿರುವವರನ್ನು ಕಂಡರೆ ದೇವರು ಕಾಪಾಡಲಿ ಎಂದು ಹಾರೈಸಿಯೇ ದಾಟಿ ಹೋಗುವುದು ಅಲ್ಲಿನ ವಾಡಿಕೆ. ಮಹ್ಜೂಬಾ ಮೇಲ್ ಕಳಿಸಿ, ತನ್ನ ಸೌಜನ್ಯಕ್ಕೆ ತಾನೇ ಮೆಚ್ಚಿ, ಒಂದು ಲೋಟ ಪುದೀನ ಚಹಾ ಕುಡಿದಳು.

ಬುಧವಾರ ಕಾಲೇಜಿನಿಂದ ಮೊಹರು ಹಾಕಿದ ಕಾಗದ ಬಂತು. ಫ್ರೆಂಚಿನಲ್ಲಿತ್ತು. ಅಧ್ಯಾಪಕಿಗೂ ಆಕೆಯ ಕುಟುಂಬಕ್ಕೂ ಜೀವಬೆದರಿಕೆ ಹಾಕಿದ ಆಪಾದನೆಯ ಮೇಲೆ ಮಹ್ಜೂಬಾ ಮುಂದಿನ ಮಂಗಳವಾರ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕು. ಏನಾದರೂ ಹೇಳುವುದಿದ್ದರೆ ಮರುದಿನ ಗುರುವಾರ ಸಂಜೆ ಐದರೊಳಗೆ ಅಧ್ಯಾಪಕಿಗೇ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು. ತಪ್ಪು ಸಾಬೀತಾದರೆ ಎರಡು ವರ್ಷ ಕಾಲೇಜಿನಿಂದ ಹೊರಗೆ. ಕಾಗದದ ಜೊತೆ ಅವಳದೇ ಮೇಲಿನ ಪ್ರತಿ. ಮೂರು ಸಾಲುಗಳ ಕೆಳಗೆ ಕೆಂಪು ಗೆರೆ.

ಆ ಗೆರೆಗಳನ್ನು ನೋಡುತ್ತ ಕೂತವಳಿಗೆ, ತರಗತಿಯಲ್ಲಿ ಓದಿದ್ದ ಒಂದು ಪಾಠದಲ್ಲಿ ನ್ಯಾಯಾಧೀಶ ಗಲ್ಲಿಗೆ ಹೋಗುವವನಿಗೆ ಇದೇ ಕರುಣೆಯ ಮಾತನ್ನು ಹೇಳಿದ್ದು ನೆನಪಾಯಿತು. ಮೇಲನ್ನು ಮೊದಲಿನಿಂದ ಮತ್ತೆ ಓದಿದಳು, ಈ ಸಲ ಇಂಗ್ಲೆಂಡಿನವಳ ಕಣ್ಣಿನಿಂದ. ನಿಮ್ಮ ತಂದೆಯ ವಿಷಯ ಗೊತ್ತಿದೆ. ಕೊಡಲೇಬೇಕು. ಕಾಯುತ್ತಿದ್ದೇನೆ. ಅದು ಮಗುವನ್ನು ಕದ್ದವರು ಬಾಗಿಲ ಸಂದಿಯಲ್ಲಿ ತೂರಿಸುವ ಚೀಟಿಯ ಹಾಗೆಯೇ ಇತ್ತು.

ಗುರುವಾರ ಹಮಾಮಿಗೆ ಸಂತೆಯಂಥ ಜನ. ಗಿರಾಕಿಗಳಿಗೆ ಗಂಟು ಕೊಡುತ್ತ ತೆಗೆದುಕೊಳ್ಳುತ್ತ, ಮಹ್ಜೂಬಾ ಬೆಳಗಿನಿಂದ ಫೋನಿನಲ್ಲಿ ಬರೆಯುತ್ತಿದ್ದಳು, ಅಳಿಸುತ್ತಿದ್ದಳು. ಪಕ್ಕಕ್ಕೆ ಬಂದು ಕೂತವಳು ಯಮ್ನಾ, ಒಳಗೆ ಮೈ ಉಜ್ಜುವ ಕೆಲಸದವಳು. ಯಮ್ನಾ ಒಮ್ಮೆ ಉಜ್ಜಿದರೆ ಕೊಳೆ ಹಾಗಿರಲಿ, ಹಿಂದಿನ ಗಂಡನ ಹೆಸರೂ ಅಳಿಸಿಹೋಗುತ್ತಿತ್ತು. ಇಂಗ್ಲಿಷ್ ಒಂದಕ್ಷರ ಬಾರದು, ಸಲಹೆಗೇನೂ ಬರವಿರಲಿಲ್ಲ.

"ಏನು ಬರ್ದೆ, ಓದು."

"'ನಾನು ನಿಮ್ಮನ್ನ ಬೆದರಿಸಿಲ್ಲ' ಅಂತ."

"ಶುರುವಲ್ಲೇ? ಮನೆಗೆ ಬಂದವಳು ಹೊಸಿಲಲ್ಲೇ ನಿಂತು ನಾನು ಕಳ್ಳಿ ಅಲ್ಲ ಅಂದ್ರೆ ಯಾರೇ ಒಳಗೆ ಕರೀತಾರೆ? ಮೊದ್ಲು ಕ್ಷೇಮ ಕೇಳು. ಅಪ್ಪ ಹೇಗಿದಾರೆ ಅಂತ ಕೇಳು."

"ಅಪ್ಪನ ಸುದ್ದಿ ಎತ್ತಿದ್ರೆ ನನ್ನ ಕತೆ ಮುಗೀತು ಕಣೇ."

"ಹಾಗಾದ್ರೆ ತಾಯಿ ಹೇಗಿದಾರೆ ಅಂತ ಕೇಳು."

"ಯಮ್ನಾ, ಅವಳ ಮನೆಯವರು ಯಾರ ತಂಟೆಗೂ ಹೋಗೋ ಹಾಗಿಲ್ಲ."

"ಇದೆಂಥ ಭಾಷೆನಮ್ಮಾ, ಅಪ್ಪ ಅಮ್ಮನ್ನ ವಿಚಾರಿಸೋ ಹಾಗಿಲ್ಲ. ಹೋಗ್ಲಿ, ದೇವರು ನಿಮಗೆ ಕೆಟ್ಟದ್ದು ತೋರಿಸದೆ ಇರಲಿ ಅಂತ ಹಾಕು."

ಮಹ್ಜೂಬಾ ಅದನ್ನು ಮನಸ್ಸಿನಲ್ಲೇ ಇಂಗ್ಲಿಷ್ ಮಾಡಿ ನೋಡಿ ಕಣ್ಣು ಮುಚ್ಚಿಕೊಂಡಳು. "ಬೇಡ."

"ನೀನು ನನ್ನ ಲಿವರು ಅಂತ ಬರಿ. ನನ್ನ ಮಗಳಿಗೆ ದಿನಾ ನಾನು ಹಾಗೇ ಅನ್ನೋದು."

"ಕತ್ತರಿಸಿ ತಿಂತೀನಿ ಅಂದ್ಕೋತಾಳೆ."

ಬೆಂಚಿನ ತುದಿಯಲ್ಲಿ ಕೂದಲು ಒರೆಸಿಕೊಳ್ಳುತ್ತಿದ್ದ ಗಿರಾಕಿಯೊಬ್ಬಳು ಅಕ್ಕಾವ್ರೇ ಎನ್ನುವ ಹಾಗೆ ಲಾಲ್ಲಾ ಸೇರಿಸಿ ಬಾಯಿ ಹಾಕಿದಳು. "ನಿನ್ನ ತಲೆಗೆ ಮುತ್ತಿಡ್ತೀನಿ ಅನ್ನು, ಲಾಲ್ಲಾ ಮಹ್ಜೂಬಾ. ನಮ್ಮ ಅತ್ತೇನೂ ಅದಕ್ಕೆ ಕರಗ್ತಾಳೆ."

"ಮುಟ್ಟೋ ಮಾತೇ ಬೇಡ," ಎಂದಳು ಮಹ್ಜೂಬಾ. ಒಳ್ಳೆಯದೆಂದು ಕಲಿತ ಮಾತುಗಳೆಲ್ಲ ಆ ಸಂಜೆ ಚೂರಿ ಹಿಡಿದು ಸಾಲಾಗಿ ನಿಂತಿದ್ದವು. ಹೆತ್ತವರ ಮೇಲೆ ಕರುಣೆ ಎನ್ನುವುದು ನಮ್ಮಲ್ಲಿ ಉಪಕಾರ ಸ್ಮರಣೆಯ ಮಾತು ಎಂದು ವಿವರಿಸಿ ಒಂದು ಪುಟ ಬರೆದಳು. ಓದಿ ನೋಡಿದರೆ ಸಿಕ್ಕಿಬಿದ್ದ ಕಳ್ಳಿಯ ಹೇಳಿಕೆಯಂತೆ ಕಂಡು ಅದನ್ನೂ ಅಳಿಸಿದಳು. ಬರಹದಲ್ಲಿ ಇದು ಬಗೆಹರಿಯುವುದಿಲ್ಲ, ಎದುರು ಬದುರು ಕೂತರೆ ಮಾತ್ರ ಆದೀತು ಎನಿಸಿತು. ಜಗಳ ಕಾಯ್ದವರನ್ನು ಸ್ನಾನಕ್ಕೆ ಕರೆದು ಮುನಿಸು ತೊಳೆದು ಕಳಿಸುವುದು ಅವರಲ್ಲಿ ಇದ್ದದ್ದೇ. ಗಡಿಯಾರ ಐದರ ಹತ್ತಿರ ಬರುತ್ತಿತ್ತು. ಹೊಸದಾಗಿ ಬರೆಯತೊಡಗಿದಳು:

"ಮಿಸ್ ಹ್ಯಾಲೆಟ್, ದಯವಿಟ್ಟು ಹಮಾಮಿಗೆ ಬನ್ನಿ. ನಾನು ಯಾವಾಗಲೂ ಬಾಗಿಲಲ್ಲೇ ಇರುತ್ತೇನೆ. ಜನ ಇಲ್ಲದ ಹೊತ್ತು ನೋಡಿ ಬಂದರೆ ಒಳ್ಳೆಯದು. ಆಗ ನಿಮಗೆ ಎಲ್ಲ ಅರ್ಥವಾಗುತ್ತದೆ. ನೀವು ಬರದಿದ್ದರೆ"

ಅಷ್ಟರಲ್ಲಿ ಒಳಗಿನಿಂದ ಅರಚಾಟ ಕೇಳಿಸಿತು. ಯಾರದೋ ಗಂಟು ಯಾರದೋ ಕೈಗೆ ಹೋಗಿ, ಇಬ್ಬರು ಹೆಂಗಸರು ಒಂದೇ ಜಲ್ಲಾಬ ನಿಲುವಂಗಿಯ ಎರಡು ತೋಳು ಹಿಡಿದು ಜಗ್ಗುತ್ತಿದ್ದರು. ಮಹ್ಜೂಬಾ ಫೋನನ್ನು ಬೆಂಚಿನ ಮೇಲಿಟ್ಟು ಓಡಿದಳು. ಜಗಳ ಬಿಡಿಸಿ, ಅಂಗಿಯ ಒಡತಿಯನ್ನು ಗುರುತಿಸಿ, ಅಂಗಿ ಉಳಿಯುವಂತೆ ಮಾಡಿ ಬರುವಷ್ಟರಲ್ಲಿ ಗಡಿಯಾರ ಐದು ದಾಟಿತ್ತು. ಯಮ್ನಾ ಗೆದ್ದವಳ ಹಾಗೆ ಕಾಲು ಚಾಚಿ ಕೂತಿದ್ದಳು.

"ಕಳಿಸ್ದೆ."

"ಏನನ್ನ?"

"ಕಾಗದಾನ. ಐದಾಗೋಗ್ತಿತ್ತು. ನೀನು ಬಾಣದ ಗುರುತು ಒತ್ತೋದನ್ನ ನೋಡಿದೀನಿ, ಒತ್ದೆ. ನಾನಿಲ್ಲದಿದ್ರೆ ನಿನ್ನ ಗತಿ ಏನಾಗ್ತಿತ್ತು."

ಮಹ್ಜೂಬಾ ಫೋನು ತೆಗೆದು ನೋಡಿದಳು. ಕೊನೆಯ ಸಾಲು ಹಾಗೇ ಬಾಯಿ ತೆರೆದುಕೊಂಡು ಹೋಗಿತ್ತು. ನೀವು ಬರದಿದ್ದರೆ. ಮುಂದೆ ಚುಕ್ಕೆಯೂ ಇಲ್ಲ.

ಅವಳು ಯಮ್ನಾಳನ್ನು ಬೈಯಲಿಲ್ಲ. ಅದರ ಬೆನ್ನಿಗೇ ಮೂರನೆಯ ಮೇಲ್ ಕಳಿಸಿ ಸರಿಪಡಿಸೋಣವೆಂದು ಹೆಬ್ಬೆರಳೆತ್ತಿದಳು, ಇಳಿಸಿದಳು. ಒಂದಕ್ಕೆ ಶಿಸ್ತು ಸಮಿತಿ, ಎರಡಕ್ಕೆ ಜೈಲು, ಮೂರಕ್ಕೆ ಎರಡು ದೇಶಗಳ ನಡುವೆ ಯುದ್ಧವೇ ಆಗಬಹುದು.

ಶುಕ್ರವಾರ ಬೀದಿಯಲ್ಲಿ ಬೂಟಿನ ಸದ್ದಾದಾಗಲೆಲ್ಲ ಅವಳು ಕೈಯ ಗಂಟು ಬಿಟ್ಟು ಬಾಗಿಲಾಚೆ ಇಣುಕುತ್ತಿದ್ದಳು. ಅಂಚೆಯವನು ಬಂದ, ಇದ್ದಿಲಿನವನು ಬಂದ, ಹೆಂಡತಿಯನ್ನು ಕರೆದೊಯ್ಯಲು ಬಂದ ಹಳೇ ಸಿಪಾಯಿಯೊಬ್ಬ ಬಂದ. ಸಿಪಾಯಿಯನ್ನು ನೋಡಿದ್ದೇ ಮಹ್ಜೂಬಾ ಎರಡೂ ಕೈ ಮುಂದೆ ಚಾಚಿದಳಂತೆ, ಬೇಡಿ ಹಾಕಲೆಂದು. ಅವನು ಗಂಟು ಕೇಳುತ್ತಿದ್ದಾಳೆಂದು ತಿಳಿದು ಅವಳ ಕೈಗೆ ತನ್ನ ಛತ್ರಿ ಕೊಟ್ಟನಂತೆ. ಶಾಲೆಯ ಯಜಮಾನಿ ಸ್ನಾನಕ್ಕೆ ಬಂದು, "ಪದವಿ ಕಾಗದ ಯಾವಾಗ ಕೈಗೆ ಬರತ್ತೆ, ಲಾಲ್ಲಾ?" ಎಂದು ಕೇಳಿದಳು. "ಬರತ್ತೆ," ಎಂದ ಮಹ್ಜೂಬಾಳ ದನಿ ಅವಳಿಗೇ ಪರರದ್ದೆನಿಸಿತು.

ಶನಿವಾರ ಮಧ್ಯಾಹ್ನ ಬಾಗಿಲಿಗೆ ಎರಡು ನೆರಳು ಬಿದ್ದವು. ಒಂದು ಮಿಸ್ ಹ್ಯಾಲೆಟ್. ಇನ್ನೊಂದು ಗಿಜ್ಲಾನ್, ಇಂಗ್ಲಿಷ್ ವಿಭಾಗದ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ. ಅಧ್ಯಾಪಕಿಯ ಮುಖ ಸುಣ್ಣದ ಗೋಡೆಯಂತಿತ್ತು. ಚೀಲವನ್ನು ಎದೆಗೆ ಅವಚಿ ಹಿಡಿದಿದ್ದಳು.

ಗಿಜ್ಲಾನ್ ಅರಬ್ಬಿಯಲ್ಲಿ ಒಂದೇ ಉಸಿರಿಗೆ ಪಿಸುಗುಟ್ಟಿದಳು. "ಲಾಲ್ಲಾ ಮಹ್ಜೂಬಾ, ಮೇಡಂ ಪೊಲೀಸ್ ಸ್ಟೇಷನ್ನಿಗೆ ಹೊರಟಿದ್ರು. ಎರಡನೇ ಮೇಲ್ ತೋರಿಸೋಕೆ ಬಂದಾಗಲೇ ನಾನು ಮೊದಲನೇದನ್ನೂ ನೋಡಿದ್ದು. ಬೆದರಿಕೆ ಅಲ್ಲ ಅಂತ ಬಾಯಿ ನೋಯೋ ತನಕ ಹೇಳ್ದೆ, ನಂಬ್ತಿಲ್ಲ. ನೀವೆಲ್ಲ ಒಂದೇ ಊರಿನವರು ಅಂತಾರೆ. ಆ ಹೆಂಗಸಿನ ಮುಖ ಒಂದು ಸಲ ನೋಡಿ, ಆಮೇಲೆ ಹೋಗಿ ಅಂತ ಕರ್ಕೊಂಡು ಬಂದೆ. ಏನೂ ಹೇಳ್ಬೇಡಿ, ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂರುವುದೊಂದೇ ಆಗ ಮಹ್ಜೂಬಾಳಿಂದ ಆಗುತ್ತಿದ್ದದ್ದು. ಮೂರು ವರ್ಷ ಕಲಿತ ಇಂಗ್ಲಿಷಿನಲ್ಲಿ ಒಂದು ಪದವೂ ತಲೆಯಲ್ಲಿ ಉಳಿದಿರಲಿಲ್ಲ. ಮಿಸ್ ಹ್ಯಾಲೆಟ್ ಬೆಂಚಿನ ತೀರಾ ತುದಿಯಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂತಳು.

ಒಳಗಿನಿಂದ ಕೆಂಪು ಕೆನ್ನೆಯ ಹೆಂಗಸೊಬ್ಬಳು ಬಂದಳು. ಮಹ್ಜೂಬಾ ಗಂಟು ಎತ್ತಿಕೊಟ್ಟಳು. ಹೆಂಗಸು ಕೈಗೆ ಚಿಲ್ಲರೆ ಇಟ್ಟು, "ಅಲ್ಲಾ ಯರ್ಹಮ್ ಲ್ವಾಲಿದೀನ್," ಎಂದು ಹೊರಟಳು.

"ಈಗ ಆಕೆ ಅಂದದ್ದು," ಎಂದಳು ಗಿಜ್ಲಾನ್ ಇಂಗ್ಲಿಷಿನಲ್ಲಿ, "ನಿನ್ನ ತಂದೆತಾಯಿಯ ಮೇಲೆ ದೇವರು ಕರುಣೆ ತೋರಿಸಲಿ ಅಂತ."

ಇನ್ನೊಬ್ಬಳು ಬಂದಳು, ಬಕೆಟ್ಟು ತೆಗೆದುಕೊಂಡು ಅದನ್ನೇ ಅಂದಳು. ತಾಯಿ ಮಗಳು ಬಂದರು. ತಾಯಿ ಅಂದದ್ದನ್ನು ಮಗಳು ತೊದಲಿದಳು. ಒಬ್ಬಳು ಬಾಚಣಿಗೆ ಕೇಳುವಾಗ ಒಮ್ಮೆ ಅಂದು, ಹಿಂದಿರುಗಿಸುವಾಗ ಇನ್ನೊಮ್ಮೆ ಅಂದಳು. ನಾಲ್ಕನೆಯದಕ್ಕೆ ಗಿಜ್ಲಾನ್ ಅನುವಾದ ನಿಲ್ಲಿಸಿದಳು, ಬೇಕಾಗಿರಲಿಲ್ಲ. ಮಿಸ್ ಹ್ಯಾಲೆಟ್‌ಳ ಕಿವಿ ಆ ಸದ್ದನ್ನು ಹಿಡಿಯತೊಡಗಿತ್ತು. ಅದು ಕೇಳಿಸಿದಾಗಲೆಲ್ಲ ಅವಳ ಹುಬ್ಬು ಕೂದಲೆಳೆಯಷ್ಟು ಮೇಲೇರುತ್ತಿತ್ತು. ಆದರೆ ಚೀಲ ಮಾತ್ರ ಎದೆಯ ಮೇಲೇ ಇತ್ತು.

ಆಗ ಬೆನ್ನು ಬಾಗಿದ ಮುದುಕಿಯೊಬ್ಬಳು ಗೋಡೆ ಹಿಡಿದು ಬಂದು ಬೆಂಚಿನ ಮೇಲೆ ಉಸ್ಸೆಂದು ಕೂತಳು. ಅವಳ ಚಪ್ಪಲಿ ಬೆಂಚಿನಡಿ ಸೇರಿಹೋಗಿತ್ತು. ಮಿಸ್ ಹ್ಯಾಲೆಟ್ ಯೋಚಿಸದೆ ಬಗ್ಗಿ ಅದನ್ನು ಎಳೆದು ಮುದುಕಿಯ ಕಾಲ ಬಳಿ ಇಟ್ಟಳು. ಮುದುಕಿ ಅವಳ ಕೆನ್ನೆ ಸವರಿ ಅದೇ ಮಾತು ಹೇಳಿದಳು.

"ನನ್ನ ತಂದೆ ಬದುಕಿದ್ದಾರೆ," ಎಂದಳು ಮಿಸ್ ಹ್ಯಾಲೆಟ್. ಗಿಜ್ಲಾನ್ ಅದನ್ನು ಅರಬ್ಬಿಗೆ ತಂದಳು.

"ಬದುಕಿದ್ರೆ ಇನ್ನೂ ಒಳ್ಳೇದಾಯ್ತಲ್ಲ ಮಗಳೇ," ಎಂದಳು ಮುದುಕಿ. "ಸತ್ತವರದ್ದು ಹೇಗೋ ಆಗತ್ತೆ. ಕರುಣೆ ಬೇಕಾಗಿರೋದು ಬದುಕಿರೋರಿಗೇ ತಾನೆ. ಅಪ್ಪಂಗೆ ಏನಾಗಿದೆ?"

ಗಿಜ್ಲಾನ್ ಕೇಳಿದಳು. ಮಿಸ್ ಹ್ಯಾಲೆಟ್ ಎದೆಯನ್ನು ಮುಟ್ಟಿ ತೋರಿಸಿದಳು. ಮುಟ್ಟಲು ಚೀಲವನ್ನು ಮಡಿಲಿಗೆ ಇಳಿಸಬೇಕಾಯಿತು. ಮುದುಕಿ ತನ್ನ ಗಂಟಿನಿಂದ ಒಂದು ಕಿತ್ತಳೆ ತೆಗೆದು ಸುಲಿದು ಅರ್ಧ ಅವಳ ಕೈಗಿಟ್ಟು, ಉಳಿದರ್ಧ ತಿನ್ನುತ್ತ ಹೊರಟುಹೋದಳು.

ಕಿತ್ತಳೆ ಕೈಯಲ್ಲಿ ಹಾಗೇ ಹಿಡಿದು ಮಿಸ್ ಹ್ಯಾಲೆಟ್ ಮಹ್ಜೂಬಾಳ ಕಡೆ ತಿರುಗಿದಳು. "ಮೊದಲನೆಯ ಪತ್ರ ಈಗ ಅರ್ಥವಾಯಿತು. ಎರಡನೆಯದರಲ್ಲಿ 'ನೀವು ಬರದಿದ್ದರೆ' ಅಂತ ಇದೆ. ಬರದಿದ್ದರೆ ಏನು?"

ಯಮ್ನಾ ಬಾಗಿಲಿಗೆ ಬಂದು ನಿಂತಿದ್ದಳು. ಈ ಒಂದು ವಾಕ್ಯ ತಪ್ಪಿದರೆ ಶಾಲೆಯ ಆ ಕುರ್ಚಿ ಹೋಯಿತೆಂದು ಮಹ್ಜೂಬಾಳಿಗೆ ಗೊತ್ತಿತ್ತು. ಬಾಯಿಗೆ ಬಂದ ಹಾರೈಕೆಗಳನ್ನೆಲ್ಲ ಒಂದೊಂದಾಗಿ ನುಂಗಿದಳು. ನುಂಗಿ ನುಂಗಿ ಕೊನೆಗೆ ತಳದಲ್ಲಿ ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು.

"ಬರದಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಹಾಗೆ ಬರೆಯುವುದಿತ್ತು. ಗಲಾಟೆಯಾಯಿತು, ಎದ್ದು ಹೋದೆ. ಇವಳು ಕಳಿಸಿಬಿಟ್ಟಳು."

ತನ್ನ ಕಡೆ ಬೆರಳು ತೋರಿದ್ದನ್ನು ಕಂಡು ಯಮ್ನಾ ಹೊಗಳಿಕೆಯೆಂದು ತಿಳಿದು ಹೆಬ್ಬೆರಳೆತ್ತಿ ತೋರಿಸಿದಳು. ಕಪ್ಪು ಸೋಪು ಮೆತ್ತಿದ, ಸಣ್ಣ ಮೂಲಂಗಿಯಷ್ಟು ದಪ್ಪದ ಹೆಬ್ಬೆರಳು. ಮಿಸ್ ಹ್ಯಾಲೆಟ್ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಿತ್ತಳೆಯ ಒಂದು ತೊಳೆ ಬಾಯಿಗೆ ಹಾಕಿಕೊಂಡಳು.

"ದೂರು ವಾಪಸು ತೆಗೆದುಕೊಳ್ಳುತ್ತೇನೆ," ಎಂದಳು. "ಪರೀಕ್ಷೆ ಸೋಮವಾರ ಒಂಬತ್ತಕ್ಕೆ. ಅವತ್ತು ಯಾವ ಮದುವೆ ಇದ್ದರೂ ನನಗೆ ಸಂಬಂಧವಿಲ್ಲ. ಇನ್ನು ಮುಂದೆ ಮೇಲ್ ಚಿಕ್ಕದಾಗಿ ಬರೆಯಿರಿ."

ಮಹ್ಜೂಬಾ, "ಥ್ಯಾಂಕ್ ಯೂ," ಎಂದಳು. ಅಷ್ಟು ಸಣ್ಣ ಮಾತನ್ನು ಅವಳು ಜನ್ಮದಲ್ಲಿ ಯಾರಿಗೂ ಹೇಳಿರಲಿಲ್ಲ. ಊಟಕ್ಕೆ ಕರೆದು ಒಂದು ಅಗುಳು ಬಡಿಸಿದ ಹಾಗೆ ನಾಚಿಕೆಯಾಯಿತು.

ಸೋಮವಾರ ಗಂಟುಗಳನ್ನು ಯಮ್ನಾಳಿಗೆ ಒಪ್ಪಿಸಿ ಹೋದಳು. ತರಗತಿಯಲ್ಲಿ ತನಗೆ ಮಕ್ಕಳಾಗಬಹುದಾದ ವಯಸ್ಸಿನವರ ಮುಂದೆ ನಿಂತಳು. ಮದುಮಗಳ ಸ್ನಾನದ ಬಗ್ಗೆ ಮಾತಾಡಿದಳು. ಮೊದಲೆರಡು ನಿಮಿಷ ಯಾರಿಗೂ ಏನೂ ಕೇಳಿಸಲಿಲ್ಲ. ಮೂರನೆಯದರಲ್ಲಿ ಗೋರಂಟಿಯ ಜಗಳಕ್ಕೆ ಬಂದಾಗ ಹಿಂದಿನ ಬೆಂಚು ನಕ್ಕಿತು, ಆಮೇಲೆ ದನಿ ತಾನಾಗಿ ದೊಡ್ಡದಾಯಿತು. ಮಿಸ್ ಹ್ಯಾಲೆಟ್ ನಗಲಿಲ್ಲ, ಬರೆದುಕೊಳ್ಳುತ್ತಿದ್ದಳು. ಏನು ಬರೆದುಕೊಂಡಳೆಂದು ಹೇಳಲಿಲ್ಲ.

ಎರಡು ದಿನದ ಮೇಲೆ ಹಮಾಮಿನ ಬಾಗಿಲಲ್ಲಿ ಫೋನು ಗುಂಯ್ ಎಂದಿತು. "ಇಪ್ಪತ್ತಕ್ಕೆ ಹನ್ನೊಂದು. ಪಾಸಾಗಿದ್ದೀರಿ. ಹ್ಯಾಲೆಟ್." ಮಹ್ಜೂಬಾ ಅದನ್ನು ಓದಿ, ಫೋನನ್ನು ಎದೆಗೊತ್ತಿಕೊಂಡು, ಗೋಡೆಗೆ ಒರಗಿ, ಹಬೆಯನ್ನು ಬೆನ್ನಿಗೆ ಬಡಿಯಲು ಬಿಟ್ಟಳು. ಬೆನ್ನಿಗೆ ಅದರ ಲೆಕ್ಕವೇ ಇರಲಿಲ್ಲ. ಉತ್ತರವಾಗಿ ಬರೆಯಬೇಕೆನಿಸಿದ್ದನ್ನೆಲ್ಲ ಬರೆದಿದ್ದರೆ ಆ ಮೇಲ್ ಹೊತ್ತೊಯ್ಯಲು ಹೇಸರಗತ್ತೆಗಳೇ ಬೇಕಾಗುತ್ತಿದ್ದವು. ಆದರೆ ಚಿಕ್ಕದಾಗಿ ಬರೆಯಿರಿ ಎಂಬ ಆಜ್ಞೆಯಿತ್ತು. "ತಲುಪಿತು," ಎಂದಷ್ಟೇ ಬರೆದು, ಯಮ್ನಾ ಹತ್ತಿರ ಇಲ್ಲವೆಂದು ನೋಡಿಕೊಂಡು, ತಾನೇ ಒತ್ತಿದಳು.

ಗಂಟೆಯೊಳಗೆ ಉತ್ತರ ಬಂತು. "ಪ್ರಿಯ ಮಹ್ಜೂಬಾ, ನನ್ನ ಮೇಲೆ ನಿಮಗೆ ಕೋಪವೇ?"

ಮಹ್ಜೂಬಾ ಎದ್ದು ಬಾಗಿಲಿನಾಚೆ ಗಾಳಿಗೆ ಬಂದು ನಿಂತು, ಒಂದೊಂದು ಪದವನ್ನೂ ಮೂರು ಸಲ ತೂಗಿ ಬರೆದಳು. "ಮಿಸ್ ಹ್ಯಾಲೆಟ್, ಕೋಪ ಇಲ್ಲ. ನನಗೆ ತುಂಬ ಸಂತೋಷವಾಗಿದೆ. ಇಂಗ್ಲಿಷಿನಲ್ಲಿ ಸಂತೋಷ ಎಷ್ಟು ಉದ್ದ ಇರಬೇಕೆಂದು ಗೊತ್ತಾಗಲಿಲ್ಲ."